ತಡವಾದ ಸುದ್ದಿ, ತೂಗಾಡುವ ತೀರ್ಮಾನ: ಏಕಸ್ವಾಮ್ಯ ಮತ್ತು ವಿಳಂಬವನ್ನು ಕುರಿತ ಒಂದು ಅಧ್ಯಯನ

ಪೀಠಿಕೆ

1769ರ ಮೇ ತಿಂಗಳ ಕೊನೆಯಲ್ಲಿ ಲಂಡನ್ನಿನ ಷೇರುಪೇಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳ ಬೆಲೆ ತೀವ್ರವಾಗಿ ಕುಸಿಯಿತು. ಮೈಸೂರಿನ ಹೈದರ ಅಲಿಯ ಸೈನ್ಯ ಆರ್ಕಾಟಿನ ನವಾಬನ ಸೀಮೆಗೆ ನುಗ್ಗಿ ಕಂಪನಿಯ ಪಡೆಗಳನ್ನು ಕಂಗೆಡಿಸಿದೆ ಎಂಬ ಸುದ್ದಿ ಆಗ ತಾನೇ ಹಡಗಿನ ಮೂಲಕ ಬಂದಿತ್ತು. ಷೇರುದಾರರು ಗಾಬರಿಗೊಂಡು ತಮ್ಮ ಪಾಲನ್ನು ಮಾರತೊಡಗಿದರು. ಆದರೆ ಅವರು ಗಾಬರಿಗೊಂಡ ಆ ದಿನಗಳಲ್ಲಿ ಯುದ್ಧವೇ ನಡೆಯುತ್ತಿರಲಿಲ್ಲ. ಹೈದರನು ಮಾರ್ಚ್ ಅಂತ್ಯದಲ್ಲಿ ಮದ್ರಾಸಿನ ಹೊರವಲಯವನ್ನೇ ತಲುಪಿ, ಏಪ್ರಿಲ್ ಆರಂಭದ ಹೊತ್ತಿಗೆ ಒಪ್ಪಂದ ಮಾಡಿಕೊಂಡು ಹಿಂದಿರುಗಿದ್ದನು. ಒಪ್ಪಂದದ ಸುದ್ದಿ ಇನ್ನೂ ಸಮುದ್ರದ ಮೇಲಿತ್ತು.

ಈ ಘಟನೆಯಲ್ಲಿ ಸುಳ್ಳು ಸುದ್ದಿಯಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಲಂಡನ್ನಿಗೆ ಬಂದ ಸುದ್ದಿ ಸತ್ಯವೇ ಆಗಿತ್ತು. ಆದರೆ ಹಳೆಯ ಸತ್ಯವಾಗಿತ್ತು. ಸುಳ್ಳು ಸುದ್ದಿಯನ್ನು ಪರೀಕ್ಷಿಸಿ ತಳ್ಳಿಹಾಕಬಹುದು. ಹಳೆಯ ಸತ್ಯವಾದರೋ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದ್ದರಿಂದಲೇ ಅದು ಹೆಚ್ಚು ದಾರಿ ತಪ್ಪಿಸುತ್ತದೆ. ಮಾರುಕಟ್ಟೆಯನ್ನು ಒಬ್ಬನೇ ಆಳುವ ಸಂಸ್ಥೆಯೊಂದು ಇಂಥ ತಡವಾದ ಸುದ್ದಿಯನ್ನು ನಂಬಿ ತೀರ್ಮಾನಗಳನ್ನು ಕೈಗೊಂಡಾಗ ಆ ತೀರ್ಮಾನಗಳು ನೆಲೆ ನಿಲ್ಲುತ್ತವೆಯೇ, ತೂಗಾಡುತ್ತವೆಯೇ ಎಂಬುದು ಪ್ರಸ್ತುತ ಲೇಖನದ ವಿಷಯ. ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಓದುವ, ಬರೆಯುವ ಅಭ್ಯಾಸ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಅಗತ್ಯವಾದುದರಿಂದ ಪದಗಳ ವಿಚಾರದಿಂದಲೇ ಆರಂಭಿಸುವುದು ಸೂಕ್ತ.

ಪದವಿಚಾರ

ಏಕಸ್ವಾಮ್ಯ: ಸ್ವಾಮಿಯ ಭಾವ ಸ್ವಾಮ್ಯ, ಎಂದರೆ ಒಡೆತನ. ಒಂದು ಸರಕಿನ ಮಾರಾಟ ಒಬ್ಬನ ಅಥವಾ ಒಂದೇ ಸಂಸ್ಥೆಯ ಕೈಯಲ್ಲಿ ಇರುವುದು ಏಕಸ್ವಾಮ್ಯ. ಮರಾಠಿಯಲ್ಲಿ ಇದಕ್ಕೆ ‘ಮಕ್ತೇದಾರಿ’ ಎಂಬ ಮಾತು ಬಳಕೆಯಲ್ಲಿದೆ. ‘ಏಕಾಧಿಕಾರ’ ಎಂಬುದೂ ಉಂಟು. ಕನ್ನಡದ ಪದ ಒಡೆತನವನ್ನು ಮುಂದಿಟ್ಟರೆ ‘ಮಕ್ತೇದಾರಿ’ ಗುತ್ತಿಗೆಯನ್ನು ಮುಂದಿಡುತ್ತದೆ. ಈಸ್ಟ್ ಇಂಡಿಯಾ ಕಂಪನಿಗೆ ಈ ಎರಡನೆಯ ಪದವೇ ಹೆಚ್ಚು ಒಪ್ಪುತ್ತದೆ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ನೀಡಿದ ಸನ್ನದಿನಿಂದ, ಎಂದರೆ ಪ್ರಭುತ್ವ ಅವಧಿಗೊಳಪಡಿಸಿ ಕೊಟ್ಟ ಅಪ್ಪಣೆಯಿಂದ, ಅದಕ್ಕೆ ಆ ಹಕ್ಕು ಬಂದಿತ್ತು.

ವಿಳಂಬ: ಸಂಸ್ಕೃತದ ‘ವಿಲಂಬ’ ಕನ್ನಡದಲ್ಲಿ ‘ವಿಳಂಬ’ವಾಗಿದೆ. ದಿನಬಳಕೆಯಲ್ಲಿ ಇದು ದೋಷವನ್ನು ಸೂಚಿಸುವ ಮಾತು. ಆದರೆ ಸಂಗೀತದ ವಿಳಂಬಿತ ಲಯದಲ್ಲಿ ದೋಷವೇನೂ ಇಲ್ಲ. ಎರಡು ಘಾತಗಳ ನಡುವೆ ದೀರ್ಘ ಅಂತರವಿದೆ, ಅಷ್ಟೆ. ಶಾಸ್ತ್ರದಲ್ಲಿಯೂ ವಿಳಂಬವೆಂದರೆ ಘಟನೆಗೂ ಅದರ ಅರಿವಿಗೂ ನಡುವಿನ ಕಾಲಾಂತರ. ಯಾರ ಸೋಮಾರಿತನವೂ ಇಲ್ಲದೆ ವಿಳಂಬ ಉಂಟಾಗಬಹುದು.

ಸ್ಥಿರತೆ: ಲೋಕರೂಢಿಯಲ್ಲಿ ಅಲುಗಾಡದಿರುವುದೇ ಸ್ಥಿರತೆ. ಶಾಸ್ತ್ರದ ಅರ್ಥ ಬೇರೆ. ಅಲುಗಾಡಿಸಿದ ಮೇಲೆ ತಾನಾಗಿ ಸ್ವಸ್ಥಾನಕ್ಕೆ ಮರಳುವ ಗುಣವೇ ಅಲ್ಲಿ ಸ್ಥಿರತೆ. ಬಟ್ಟಲಿನ ತಳದಲ್ಲಿಟ್ಟ ಗೋಲಿಯನ್ನು ತಳ್ಳಿದರೆ ಅದು ಉರುಳಾಡಿ ಮತ್ತೆ ತಳಕ್ಕೇ ಬರುತ್ತದೆ. ಬೋರಲು ಹಾಕಿದ ಬಟ್ಟಲಿನ ನೆತ್ತಿಯ ಮೇಲಿಟ್ಟ ಗೋಲಿಯೂ ಕ್ಷಣಕಾಲ ಅಲುಗದೆ ನಿಲ್ಲಬಹುದು, ಆದರೆ ಅದು ಸ್ಥಿರವಲ್ಲ.

ಒಂದು ಸಣ್ಣ ಲೆಕ್ಕ

ಏಕಸ್ವಾಮ್ಯವನ್ನು ಗಣಿತದ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ಫ್ರಾನ್ಸಿನ ಕೂರ್ನೊ ಪ್ರಮುಖ. 1838ರ ತನ್ನ ಗ್ರಂಥದಲ್ಲಿ ಅವನು ಖನಿಜಜಲದ ಬುಗ್ಗೆಯೊಂದರ ಏಕೈಕ ಒಡೆಯನನ್ನು ಕಲ್ಪಿಸಿಕೊಂಡು, ಆತ ಎಷ್ಟು ಮಾರಿದರೆ ಲಾಭ ಗರಿಷ್ಠವಾಗುತ್ತದೆ ಎಂಬುದನ್ನು ವಿವೇಚಿಸಿದನು. ಆ ದಾರಿಯಲ್ಲೇ ಒಂದು ಸರಳ ಲೆಕ್ಕವನ್ನು ಮಾಡಬಹುದು.

ಒಬ್ಬನೇ ವ್ಯಾಪಾರಿ ಚಹಾ ಪೆಟ್ಟಿಗೆಗಳನ್ನು ತರಿಸಿ ಮಾರುತ್ತಾನೆ ಎಂದುಕೊಳ್ಳೋಣ. ಪ್ರತಿ ಪೆಟ್ಟಿಗೆಯ ಖರ್ಚು 20 ರೂಪಾಯಿ. ಮಾರುಕಟ್ಟೆಗೆ ಎಷ್ಟು ಪೆಟ್ಟಿಗೆ ಬರುತ್ತವೆಯೋ 100ರಿಂದ ಅಷ್ಟನ್ನು ಕಳೆದರೆ ಉಳಿಯುವುದೇ ಬೆಲೆ. 30 ಪೆಟ್ಟಿಗೆ ಬಂದರೆ ಬೆಲೆ 70, ಲಾಭ 1500. 40 ಬಂದರೆ ಬೆಲೆ 60, ಲಾಭ 1600. 50 ಬಂದರೆ ಬೆಲೆ 50, ಲಾಭ ಮತ್ತೆ 1500. ಆದ್ದರಿಂದ 40 ಅವನ ಪಾಲಿಗೆ ಸರಿಯಾದ ಪ್ರಮಾಣ. ಆದರೆ ಇದು ಅವನಿಗೆ ಮೊದಲೇ ಗೊತ್ತಿಲ್ಲ. ಅವನು ಲೆಕ್ಕದ ಪುಸ್ತಕವನ್ನು ನೋಡಿ ಹೆಜ್ಜೆ ಹೆಜ್ಜೆಯಾಗಿ ಅಲ್ಲಿಗೆ ತಲುಪಬೇಕು.

ಪುಸ್ತಕ ಅವನಿಗೆ ಹೇಳುವುದು ಸೀಮಾಂತ ಲಾಭವನ್ನು, ಎಂದರೆ ಇನ್ನೊಂದು ಪೆಟ್ಟಿಗೆ ಹೆಚ್ಚಿಸಿದರೆ ಕೈಗೆ ಸೇರುವ ಲಾಭವನ್ನು. 30 ಪೆಟ್ಟಿಗೆ ಮಾರುವಾಗ ಇನ್ನೊಂದರಿಂದ ಖರ್ಚು ಕಳೆದು ಸುಮಾರು 50 ರೂಪಾಯಿ ಬರುತ್ತದೆ. ಆದರೆ ಬೆಲೆ ಒಂದು ರೂಪಾಯಿ ಇಳಿಯುವುದರಿಂದ ಉಳಿದ 30 ಪೆಟ್ಟಿಗೆಗಳ ಮೇಲೆ 30 ರೂಪಾಯಿ ಹೋಗುತ್ತದೆ. ಉಳಿಯುವುದು 20. ಇದೇ ರೀತಿ 40ರಲ್ಲಿ ಸೀಮಾಂತ ಲಾಭ ಸೊನ್ನೆ. 50ರಲ್ಲಿ 20 ರೂಪಾಯಿ ನಷ್ಟ. ಸೀಮಾಂತ ಲಾಭದ ಅರ್ಧದಷ್ಟು ಪೆಟ್ಟಿಗೆಗಳನ್ನು ಮುಂದಿನ ಹಂಗಾಮಿಗೆ ಹೆಚ್ಚಿಸುವುದು, ನಷ್ಟವಿದ್ದರೆ ಅಷ್ಟನ್ನೇ ತಗ್ಗಿಸುವುದು ಅವನ ನಿಯಮವಾಗಿರಲಿ.

ಸುದ್ದಿ ತಡವಾಗದಿದ್ದರೆ ಫಲ ಸುಂದರವಾಗಿದೆ. 30ರಲ್ಲಿದ್ದವನು ಒಂದೇ ಹೆಜ್ಜೆಗೆ 40ನ್ನು ತಲುಪಿ ಅಲ್ಲಿಯೇ ನಿಲ್ಲುತ್ತಾನೆ.

ಈಗ ಸುದ್ದಿ ಒಂದು ಹಂಗಾಮು ತಡವಾಗಲಿ. ಈ ಹಂಗಾಮಿನ ಲೆಕ್ಕ ಕೈಸೇರುವ ಮೊದಲೇ ಮುಂದಿನ ಹಂಗಾಮಿನ ಹಡಗು ಹೊರಟಿರುತ್ತದೆ. ಮೊದಲ ಎರಡು ಹಂಗಾಮು 30. ಮೂರನೆಯದಕ್ಕೆ 40. ಗುರಿ ಸಿಕ್ಕಿತು, ಆದರೆ ಸಿಕ್ಕಿದ್ದು ಅವನಿಗೆ ತಿಳಿಯದು. ಆಗ ಅವನ ಮುಂದಿರುವುದು ಎರಡನೆಯ ಹಂಗಾಮಿನ 30ರ ಲೆಕ್ಕ. ಅದು ‘ಇನ್ನೂ ಹೆಚ್ಚಿಸು’ ಎನ್ನುತ್ತದೆ. ಅವನು 50ಕ್ಕೆ ಹೋಗುತ್ತಾನೆ. ಮುಂದೆ 50, 40, 30, ಮತ್ತೆ 30, ಮತ್ತೆ 40. ಈ ಚಕ್ರ ಎಂದೂ ನಿಲ್ಲುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಸರಿಯಾದ ಪ್ರಮಾಣವನ್ನು ದಾಟುತ್ತಾನೆ, ಒಮ್ಮೆಯೂ ಅಲ್ಲಿ ತಂಗುವುದಿಲ್ಲ.

ಸುದ್ದಿ ಎರಡು ಹಂಗಾಮು ತಡವಾದರೆ ತೂಗಾಟ ಬೆಳೆಯುತ್ತ ಹೋಗುತ್ತದೆ: 30, 30, 30, 40, 50, 60, 60, 50, 30, 10. ಹನ್ನೊಂದನೆಯ ಹಂಗಾಮಿನಲ್ಲಿ ಸೊನ್ನೆ. ಬೇಡಿಕೆ ಒಂದಿಷ್ಟೂ ಬದಲಾಗಿಲ್ಲ, ಖರ್ಚು ಬದಲಾಗಿಲ್ಲ, ಯಾರೂ ಮೋಸ ಮಾಡಿಲ್ಲ, ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ವ್ಯಾಪಾರ ನಿಂತುಹೋಯಿತು.

ಇನ್ನು ಅದೇ ವ್ಯಾಪಾರಿ ಸೌಮ್ಯವಾಗಿ ತಿದ್ದಿಕೊಂಡರೆ ಏನಾದೀತು? ಅರ್ಧದ ಬದಲು ಎಂಟನೆಯ ಒಂದು ಪಾಲಿನಷ್ಟು ಮಾತ್ರ ಬದಲಿಸಲಿ. ಸುದ್ದಿ ಒಂದು ಹಂಗಾಮು ತಡವಾಗಿಯೇ ಬರಲಿ. ಆಗ 30, 30, 32.5, 35, ಬಳಿಕ ಸುಮಾರು 37, ಸುಮಾರು 38 ಎಂದು ನಿಧಾನವಾಗಿ 40ರ ಕಡೆಗೆ ಸಾಗಿ ನೆಲೆ ನಿಲ್ಲುತ್ತದೆ. ಇದರಿಂದ ಹೊರಡುವ ತತ್ತ್ವ ಒಂದೇ: ಅಸ್ಥಿರತೆಯನ್ನು ನಿರ್ಧರಿಸುವುದು ವಿಳಂಬವೊಂದೇ ಅಲ್ಲ, ತಿದ್ದುಪಡಿಯ ಆತುರವೊಂದೇ ಅಲ್ಲ, ಎರಡೂ ಕೂಡಿದ ಬಲ. ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವ ಸಂಸ್ಥೆಯ ಗಣಿತದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ತಿದ್ದುಪಡಿಯ ವೇಗವನ್ನು ವಿಳಂಬದಿಂದ ಗುಣಿಸಿದಾಗ ಬರುವ ಸಂಖ್ಯೆ ಸುಮಾರು 1.57ನ್ನು, ಎಂದರೆ ಪೈಯ ಅರ್ಧವನ್ನು, ಮೀರಿದರೆ ಸ್ಥಿರತೆ ತಪ್ಪುತ್ತದೆ. ಅರ್ಥಶಾಸ್ತ್ರದಲ್ಲಿ ವಿಳಂಬದ ಸಮೀಕರಣಗಳನ್ನು ಪೋಲೆಂಡಿನ ಕಲೆಟ್ಸ್ಕಿ 1935ರಲ್ಲೇ ಬಳಸಿದ್ದನು. ಈಚೆಗೆ ಮಾತ್ಸುಮೊತೊ ಮತ್ತು ಸಿದಾರೋವ್‌ಸ್ಕಿ ಎಂಬ ವಿದ್ವಾಂಸರು ಏಕಸ್ವಾಮ್ಯಕ್ಕೇ ಅನ್ವಯಿಸಿ ಇವನ್ನು ವಿಸ್ತಾರವಾಗಿ ಅಭ್ಯಸಿಸಿದ್ದಾರೆ.

ಏಕಸ್ವಾಮ್ಯಕ್ಕೇ ಏಕೆ ಈ ಮಾತು?

ತಡವಾದ ಸುದ್ದಿ ಎಲ್ಲರನ್ನೂ ಕಾಡುತ್ತದೆ ಎಂಬ ಆಕ್ಷೇಪ ಇಲ್ಲಿ ಸಹಜ. ಹೋದ ವರ್ಷದ ಬೆಲೆಯನ್ನು ನೋಡಿ ಉಳ್ಳಾಗಡ್ಡಿ ಹಚ್ಚಿದ ರೈತರು ಈ ವರ್ಷ ಬೆಲೆ ಕುಸಿದು ನಷ್ಟ ಅನುಭವಿಸುವುದು ಸೊಲ್ಲಾಪುರದ ಪೇಟೆಯನ್ನು ಬಲ್ಲವರಿಗೆ ಹೊಸದೇನಲ್ಲ. ಆದರೆ ಎರಡು ಭೇದಗಳಿವೆ. ಅನೇಕರು ಮಾರುವ ಪೇಟೆಯಲ್ಲಿ ಒಬ್ಬೊಬ್ಬರ ಅಂದಾಜು ಒಂದೊಂದು ಬಗೆ. ಪಕ್ಕದ ಅಂಗಡಿಯ ಬೆಲೆಯೂ ಅಂದಂದೇ ಕಣ್ಣಿಗೆ ಬೀಳುತ್ತದೆ. ಏಕಸ್ವಾಮ್ಯದ ಒಡೆಯನಿಗೆ ಪಕ್ಕದ ಅಂಗಡಿಯೇ ಇಲ್ಲ. ಅವನಿಗಿರುವ ಕನ್ನಡಿ ತನ್ನದೇ ಲೆಕ್ಕದ ಪುಸ್ತಕ. ಅದೇ ತಡವಾದರೆ ಮುಖ ಕಾಣಿಸುವ ಬೇರೆ ಕನ್ನಡಿಯಿಲ್ಲ. ಎರಡನೆಯದಾಗಿ, ಅವನು ತೂಗಾಡಿದಾಗ ಅವನನ್ನು ಅವಲಂಬಿಸಿದವರೆಲ್ಲರೂ ಅವನೊಂದಿಗೆ ತೂಗಾಡಬೇಕು. ಬೇರೆ ಕಡೆಗೆ ಹೋಗಲು ಅವರಿಗೆ ದಾರಿಯಿಲ್ಲ.

ಕಂಪನಿಯ ತೂಗಾಟ

ಉಗಿಹಡಗು ಬರುವ ಮೊದಲು ಲಂಡನ್ನಿನಿಂದ ಆಫ್ರಿಕದ ತುದಿಯನ್ನು ಬಳಸಿ ಕಲ್ಕತ್ತೆಗೆ ಬರಲು ಹಡಗಿಗೆ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು ಬೇಕಾಗುತ್ತಿತ್ತು. ಮಾನ್ಸೂನ್ ಮಾರುತಗಳನ್ನು ಕಾಯಬೇಕಾದುದರಿಂದ ಒಂದು ಪ್ರಶ್ನೆಗೆ ಉತ್ತರ ಬರಲು ವರ್ಷ ದಾಟುತ್ತಿತ್ತು. ಕೆಲವೊಮ್ಮೆ ಎರಡು ವರ್ಷವೇ ಆಗುತ್ತಿತ್ತು.

1765ರ ಆಗಸ್ಟ್ 12ರಂದು ಬಾದಶಹ ಎರಡನೆಯ ಶಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಕಂಪನಿಗೆ ನೀಡಿದನು. ಖರ್ಚೆಲ್ಲ ಕಳೆದು ವರ್ಷಕ್ಕೆ 16 ಲಕ್ಷ ಪೌಂಡಿಗೂ ಹೆಚ್ಚು ಉಳಿಯುವುದೆಂದು ಕ್ಲೈವ್ ಲಂಡನ್ನಿಗೆ ಬರೆದನು. ಈ ಸುದ್ದಿ ಲಂಡನ್ನಿಗೆ ಮುಟ್ಟಿದ್ದು 1766ರ ಏಪ್ರಿಲ್‌ನಲ್ಲಿ. ಮುಂದೆ ಷೇರುದಾರರಿಗೆ ಹಂಚುವ ಲಾಭಾಂಶ ಹೇಗೆ ಕುಣಿಯಿತು ಎಂಬುದನ್ನು ನೋಡಬೇಕು. 1766ರಲ್ಲಿ ಅದನ್ನು ಶೇಕಡಾ 6ರಿಂದ 10ಕ್ಕೆ ಏರಿಸಲಾಯಿತು. 1767ರ ಮೇ ತಿಂಗಳಲ್ಲಿ ಷೇರುದಾರರು 12.5ಕ್ಕೆ ಮತ ನೀಡಿದರು. ಪಾರ್ಲಿಮೆಂಟು ತಡೆದು 10ಕ್ಕೆ ಮಿತಿಗೊಳಿಸಿತು. ಅದೇ ವರ್ಷ ಸರಕಾರಕ್ಕೆ ಪ್ರತಿವರ್ಷ 4 ಲಕ್ಷ ಪೌಂಡು ಕೊಡಲು ಕಂಪನಿ ಒಪ್ಪಿಕೊಂಡಿತು. 1771ರ ಹೊತ್ತಿಗೆ ಲಾಭಾಂಶ 12.5ಕ್ಕೆ ಮುಟ್ಟಿತು. 1772ರಲ್ಲಿ ಕೊಡಲು ಹಣವೇ ಇಲ್ಲವಾಗಿ ಅದನ್ನು ಮುಂದೂಡಿ, ಕೊನೆಗೆ ಮತ್ತೆ 6ಕ್ಕೆ ಇಳಿಸಬೇಕಾಯಿತು.

ಹಣ ಎಲ್ಲಿ ಹೋಯಿತು? ಯುದ್ಧದ ಖರ್ಚು, ನೌಕರರ ಲೂಟಿ, ಯುರೋಪಿನ ಸಾಲದ ಬಿಕ್ಕಟ್ಟು ಎಲ್ಲವೂ ಸೇರಿವೆ. ವಿಳಂಬವೊಂದೇ ಕಾರಣವೆನ್ನುವುದು ಅತಿಯಾದೀತು. ಆದರೆ ಇವೆಲ್ಲವನ್ನೂ ಕಾಣದಂತೆ ಮಾಡಿದ್ದು ವಿಳಂಬವೇ. ಹುಂಡಿಗಳ ಪ್ರಸಂಗ ಇದಕ್ಕೆ ಉದಾಹರಣೆ. ಬಂಗಾಳದ ನೌಕರರು ತಾವು ಗಳಿಸಿದ ಹಣವನ್ನು ಕಲ್ಕತ್ತೆಯ ಖಜಾನೆಗೆ ಕಟ್ಟಿ, ಲಂಡನ್ನಿನಲ್ಲಿ ಪಡೆಯುವಂತೆ ಹುಂಡಿ ಬರೆಸಿಕೊಳ್ಳುತ್ತಿದ್ದರು. ಇಷ್ಟಕ್ಕಿಂತ ಹೆಚ್ಚು ಬರೆಯಬಾರದೆಂದು ಲಂಡನ್ನಿನ ನಿರ್ದೇಶಕರು ಮಿತಿ ಹಾಕಿದ್ದರು. ಕಲ್ಕತ್ತೆಯ ಮಂಡಳಿ ಆ ಮಿತಿಯನ್ನು ಮೀರಿತು. ನಿರ್ದೇಶಕರ ಮುಂದೆ 10 ಲಕ್ಷ ಪೌಂಡಿಗೂ ಮೀರಿದ ಹುಂಡಿಗಳು ಬಂದು ನಿಂತಾಗ ಅವನ್ನು ಬರೆದು ತಿಂಗಳುಗಳೇ ಕಳೆದಿದ್ದವು.

ಚಹಾದ ಕಥೆ ಮೇಲಿನ ಲೆಕ್ಕಕ್ಕೆ ಇನ್ನೂ ಹತ್ತಿರ. ಚೀನಾದ ಕ್ಯಾಂಟನ್ನಿನಿಂದ ಬ್ರಿಟನ್ನಿಗೆ ಚಹಾ ತರುವ ಏಕಸ್ವಾಮ್ಯ ಕಂಪನಿಯದಾಗಿತ್ತು. ಬೇಡಿಕೆಯನ್ನು ಕಳುಹಿಸಿದ ಮೇಲೆ ಸರಕು ಬಂದು ಮಾರಾಟವಾಗಲು ಒಂದೂವರೆ ವರ್ಷದ ಮೇಲೆ ಹಿಡಿಯುತ್ತಿತ್ತು. 1767ರಲ್ಲಿ ಚಹಾದ ಸುಂಕ ಇಳಿದಾಗ ಮಾರಾಟ ಹೆಚ್ಚುವ ನಿರೀಕ್ಷೆ ಮೂಡಿತು. ಆದರೆ ಅಮೆರಿಕದ ವಸಾಹತುಗಳಲ್ಲಿ ಬಹಿಷ್ಕಾರ ನಡೆಯಿತು. ಡಚ್ಚರ ಕಳ್ಳಸಾಗಣೆಯ ಚಹಾ ಎಷ್ಟು ಮಾರುತ್ತಿತ್ತೆಂಬುದು ಕಂಪನಿಯ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. 1772–73ರ ಹೊತ್ತಿಗೆ ಲಂಡನ್ನಿನ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ಸುಮಾರು 1 ಕೋಟಿ 70 ಲಕ್ಷ ಪೌಂಡು ತೂಕದಷ್ಟು ಬಿದ್ದಿತ್ತು. ಅದನ್ನು ಕರಗಿಸಲು ಅವಸರದಲ್ಲಿ ಬಂದದ್ದು 1773ರ ಚಹಾ ಕಾಯಿದೆ. ಲೆಕ್ಕದ ಭಾಷೆಯಲ್ಲಿ ಇದು ಹಳೆಯ ಸುದ್ದಿಗೆ ನೀಡಿದ ಬಿರುಸಿನ ತಿದ್ದುಪಡಿ. ಆ ವರ್ಷದ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರಿನ ಪಾಲಾಯಿತು.

ತೂಗಾಟದ ಬೆಲೆ ತೆತ್ತವರು

ಇಷ್ಟರ ತನಕ ಹೇಳಿದ್ದು ಪುಸ್ತಕದೊಳಗಿನ ಏರಿಳಿತ. ಇದೇ ಅವಧಿಯಲ್ಲಿ ಬಂಗಾಳದಲ್ಲಿ ನಡೆದುದನ್ನು ಬಿಟ್ಟರೆ ಅಧ್ಯಯನ ಅಪೂರ್ಣ. 1769ರಲ್ಲಿ ಮಳೆ ಕೈಕೊಟ್ಟಿತು. 1770ರಲ್ಲಿ ಭೀಕರ ಕ್ಷಾಮ. ಜನಸಂಖ್ಯೆಯ ಮೂರನೆಯ ಒಂದು ಭಾಗ ನಾಶವಾಯಿತೆಂದು ವಾರನ್ ಹೇಸ್ಟಿಂಗ್ಸ್‌ನೇ ಅಂದಾಜಿಸಿದನು. 1771ರ ಕಂದಾಯ ವಸೂಲಿ ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನೂ ಮೀರಿತ್ತೆಂದು 1772ರಲ್ಲಿ ನಿರ್ದೇಶಕರಿಗೆ ವರದಿ ಮಾಡಿದವನೂ ಅವನೇ. ಸತ್ತವರ ಪಾಲಿನ ತೆರಿಗೆಯನ್ನು ಉಳಿದವರಿಂದ ಬಲವಂತವಾಗಿ ಕಿತ್ತುಕೊಂಡದ್ದರಿಂದ ಇದು ಸಾಧ್ಯವಾಗಿತ್ತು.

ಇಲ್ಲಿ ವಿಳಂಬದ ಅತ್ಯಂತ ಕ್ರೂರ ಮುಖ ಕಾಣುತ್ತದೆ. ಲಂಡನ್ನಿನ ಕಣ್ಣಿಗೆ ಬಂಗಾಳವೆಂದರೆ ಕಂದಾಯದ ಅಂಕಿ. ಆ ಅಂಕಿ ತಡವಾಗಿ ಬರುತ್ತಿತ್ತು ಮಾತ್ರವಲ್ಲ, ಹಸಿವನ್ನು ತೋರಿಸುವ ಶಕ್ತಿಯೇ ಅದಕ್ಕಿರಲಿಲ್ಲ. ಹಳ್ಳಿ ಬರಿದಾಗುತ್ತಿದ್ದಾಗಲೂ ಪುಸ್ತಕ ತುಂಬಿಯೇ ಇತ್ತು. ಆ ಪುಸ್ತಕವನ್ನು ನೆಚ್ಚಿದ ಸಭೆ ಲಾಭಾಂಶವನ್ನು ಶೇಕಡಾ 12.5ಕ್ಕೆ ಕೊಂಡೊಯ್ದಿತು. ಷೇರುದಾರನಿಗೆ ಪೇಟೆಯಲ್ಲಿ ಷೇರು ಮಾರಿ ಹೊರಬರುವ ದಾರಿಯಿತ್ತು. ಕಂಪನಿಗೆ 1773ರಲ್ಲಿ ಸರಕಾರದ 14 ಲಕ್ಷ ಪೌಂಡುಗಳ ಸಾಲ ಸಿಕ್ಕಿತು. ಬಂಗಾಳದ ಒಕ್ಕಲಿಗನಿಗೆ ಮಾತ್ರ ಬೇರೊಬ್ಬ ದಿವಾನನಿರಲಿಲ್ಲ. ಏಕಸ್ವಾಮ್ಯದ ಅಸ್ಥಿರತೆಯ ಬೆಲೆಯನ್ನು ಅದರಿಂದ ಹೊರಬರಲಾರದವರು ತೆರುತ್ತಾರೆ ಎಂಬುದು ಈ ಇತಿಹಾಸದ ಮುಖ್ಯ ಪಾಠ.

ಪರಿಹಾರದ ದಾರಿಗಳು

ಮೊದಲನೆಯದು ವಿಳಂಬವನ್ನೇ ತಗ್ಗಿಸುವುದು. 1773ರ ನಿಯಂತ್ರಣ ಕಾಯಿದೆಯಿಂದ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಹುದ್ದೆ ಬಂದು, ತೀರ್ಮಾನ ಘಟನೆಯ ಹತ್ತಿರಕ್ಕೆ ಸರಿಯಿತು. ಆದರೆ ಹತ್ತಿರವಿರುವವನಿಗೆ ಅಧಿಕಾರ ಕೊಟ್ಟರೆ ಅವನ ಸ್ವಂತ ಹಿತವೂ ಅದರೊಳಗೆ ಸೇರುತ್ತದೆ. ಹುಂಡಿಗಳ ಪ್ರಸಂಗವೇ ಸಾಕ್ಷಿ. ತಂತಿಯ ನೆರವು ಕಂಪನಿಯ ವ್ಯಾಪಾರಕ್ಕೆ ಒದಗಲೇ ಇಲ್ಲ. ಅದರ ಭಾರತ ವ್ಯಾಪಾರದ ಏಕಸ್ವಾಮ್ಯ 1813ರಲ್ಲಿ ಮುಗಿಯಿತು, ಚೀನಾ ವ್ಯಾಪಾರದ್ದು 1833ರ ಕಾಯಿದೆಯಿಂದ. ಸಮುದ್ರದ ತಂತಿ ಬ್ರಿಟನ್ನನ್ನು ಮುಂಬಯಿಗೆ ಜೋಡಿಸಿದ್ದು 1870ರಲ್ಲಿ.

ಎರಡನೆಯದು ದಾಸ್ತಾನು. 1784ರ ಕಾಯಿದೆ ಚಹಾದ ಸುಂಕವನ್ನು ಬಹಳವಾಗಿ ಇಳಿಸಿದ್ದಲ್ಲದೆ, ಒಂದು ವರ್ಷಕ್ಕೆ ಸಾಲುವಷ್ಟು ಚಹಾವನ್ನು ಕಂಪನಿ ಸದಾ ಗೋದಾಮಿನಲ್ಲಿಟ್ಟಿರಬೇಕೆಂದು ಕಟ್ಟುಮಾಡಿತು. ಸುದ್ದಿ ತಡವಾದರೂ ಅಂಗಡಿ ಬರಿದಾಗದಂತೆ ಕಾಯುವ ಉಪಾಯವಿದು.

ಮೂರನೆಯದು ಸೌಮ್ಯವಾದ ತಿದ್ದುಪಡಿ. ಇದರ ಫಲವನ್ನು ಲೆಕ್ಕದಲ್ಲೇ ಕಂಡಾಗಿದೆ. ನಾಲ್ಕನೆಯದು ದಾರಿಯಲ್ಲಿರುವುದನ್ನು ನೆನಪಿಡುವುದು. ಕಾಲುವೆಯ ಕೊನೆಯ ಊರಿಗೆ ನೀರು ಬಂದಿಲ್ಲವೆಂದು ದೂರು ಬಂದಾಗ ತೂಬನ್ನು ಇನ್ನಷ್ಟು ಎತ್ತುವ ಮೊದಲು, ಈಗಾಗಲೇ ಬಿಟ್ಟ ನೀರು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಎಣಿಸಬೇಕು. ಎಣಿಸದವನು ಮೊದಲು ಬೆಳೆಯನ್ನು ಒಣಗಿಸುತ್ತಾನೆ, ಆಮೇಲೆ ಮುಳುಗಿಸುತ್ತಾನೆ.

ಸಮಾರೋಪ

ಇಂದು ಸುದ್ದಿ ಕ್ಷಣಾರ್ಧದಲ್ಲಿ ಬರುತ್ತದೆ. ಆದ್ದರಿಂದ ಈ ಚರ್ಚೆ ಹಳೆಯದಾಯಿತೆಂದು ತೋರಬಹುದು. ಆದರೆ ವಿಳಂಬ ದಾರಿಯಲ್ಲಿ ಮಾತ್ರ ಇರುವುದಿಲ್ಲ. ಕೆಳಗಿನವನು ಕೆಟ್ಟ ಸುದ್ದಿಯನ್ನು ಮೇಲಕ್ಕೆ ತಿಳಿಸಲು ಅಂಜುವಲ್ಲಿ ಅದು ಇದೆ. ಮೇಲಿನವನು ಕೇಳಿಯೂ ಒಪ್ಪಿಕೊಳ್ಳದಿರುವಲ್ಲಿ ಇದೆ. ಒಪ್ಪಿಕೊಂಡ ಮೇಲೆ ಕಾರ್ಯ ಆರಂಭವಾಗುವ ತನಕ ಇದೆ. ತಂತಿ ಕಡಿಮೆ ಮಾಡಿದ್ದು ಮೊದಲ ಬಗೆಯ ವಿಳಂಬವನ್ನು ಮಾತ್ರ. ಒಬ್ಬನೇ ಒಡೆಯನಿರುವ ಪ್ರತಿಯೊಂದು ವ್ಯವಸ್ಥೆಯನ್ನೂ, ಅದು ಕಂಪನಿಯಿರಲಿ, ಇಲಾಖೆಯಿರಲಿ, ಎರಡು ಪ್ರಶ್ನೆಗಳಿಂದ ಪರೀಕ್ಷಿಸಬಹುದು: ಅದರ ತಪ್ಪು ಅದಕ್ಕೆ ಎಷ್ಟು ದಿನದ ಮೇಲೆ ತಿಳಿಯುತ್ತದೆ? ತಿಳಿಯುವ ತನಕ ಅದರ ಬೆಲೆಯನ್ನು ತೆರುವವರು ಯಾರು?

ಅಭ್ಯಾಸಕ್ಕೆ

1. ಲೇಖನದ ಲೆಕ್ಕದಲ್ಲಿ ಮೊದಲ ಎರಡು ಹಂಗಾಮುಗಳ ಪ್ರಮಾಣ 50 ಆಗಿದ್ದು ಸುದ್ದಿ ಒಂದು ಹಂಗಾಮು ತಡವಾದರೆ, ಅರ್ಧದ ನಿಯಮದಂತೆ ಮುಂದಿನ ಆರು ಹಂಗಾಮುಗಳ ಪ್ರಮಾಣವನ್ನು ಕಂಡುಹಿಡಿಯಿರಿ.
2. ‘ಸುಳ್ಳು ಸುದ್ದಿ’ ಮತ್ತು ‘ಹಳೆಯ ಸತ್ಯ’ ಇವೆರಡರ ಭೇದವನ್ನು 1769ರ ಪ್ರಸಂಗದ ಆಧಾರದಿಂದ ವಿವರಿಸಿರಿ.
3. ಏಕಸ್ವಾಮ್ಯ, ಮಕ್ತೇದಾರಿ, ಏಕಾಧಿಕಾರ: ಈ ಮೂರು ಪದಗಳ ಅರ್ಥಚ್ಛಾಯೆಗಳನ್ನು ಹೋಲಿಸಿ ಟಿಪ್ಪಣಿ ಬರೆಯಿರಿ.
4. ಕಂದಾಯದ ಅಂಕಿ ಹಸಿವನ್ನು ಏಕೆ ತೋರಿಸಲಿಲ್ಲ? ನಿಮ್ಮ ಊರಿನ ಒಂದು ವ್ಯವಸ್ಥೆಯನ್ನು ಆಯ್ದುಕೊಂಡು, ಅದು ತನ್ನ ಯಶಸ್ಸನ್ನು ಯಾವ ಅಂಕಿಯಿಂದ ಅಳೆಯುತ್ತದೆ, ಆ ಅಂಕಿಯಲ್ಲಿ ಯಾವುದು ಕಾಣುವುದಿಲ್ಲ ಎಂಬುದನ್ನು ಎರಡು ಪುಟಗಳಲ್ಲಿ ಬರೆಯಿರಿ.